ಕುವೆಂಪು ಮನೆಯ ಕ್ವಿಜ್‌ಗೆ ನಮ್ಮನೆಯ ವಂಶವೃಕ್ಷ

ಮೊದಲೇ ಹೇಳಿಬಿಡುತ್ತೇನೆ, ನಮಗೆ ಬಂದದ್ದು ಮೂರನೇ ಬಹುಮಾನ. ಎರಡನೆಯದು ಕೈತಪ್ಪಿದ್ದು ಒಂದೇ ಒಂದು ಪದಕ್ಕೆ. ಆ ಪದ ಯಾವುದು ಅಂತ ಆಮೇಲೆ ಹೇಳುತ್ತೇನೆ, ಈಗಲೇ ಹೇಳಿದರೆ ನನಗೇ ನಗು ಬಂದು ಮುಂದೆ ಬರೆಯುವುದಕ್ಕಾಗುವುದಿಲ್ಲ. ಬರುವ ವರ್ಷವೂ ಈ ಸ್ಪರ್ಧೆ ಇದೆಯಂತೆ. ಸೇರುವ ಆಸೆ ಇರುವವರು ಪುಸ್ತಕ ಹಿಡಿಯುವ ಮುಂಚೆ ರೇಷನ್ ಕಾರ್ಡ್ ತೆಗೆದು ನೋಡಿಕೊಳ್ಳಿ. ನಾವು ನೋಡಿಕೊಳ್ಳಲಿಲ್ಲ.

ನಡೆಸಿದ್ದು ನಮ್ಮ ಕಡೆಯ ಒಂದು ಸಂಘ, ಹೆಸರು ಬೇಡ. ಡಿಸೆಂಬರ್ 29 ಕುವೆಂಪು ಹುಟ್ಟಿದ ದಿನ, ಸರ್ಕಾರ ವಿಶ್ವಮಾನವ ದಿನ ಅಂತ ಆಚರಿಸುವ ದಿನ. ಆವತ್ತು ಅಂತಿಮ ಸುತ್ತು. ವಿಷಯ ಕುವೆಂಪು ಕಾವ್ಯ ಅಲ್ಲ, ವಿಚಾರ ಅಲ್ಲ, ‘ಕವಿಯ ಮನೆವಾರ್ತೆ’. ಅಂದರೆ ಮನೆ, ಹೆಂಡತಿ, ಮಕ್ಕಳು, ನೆಂಟರು, ಯಾವ ಊರಿನಲ್ಲಿ ಎಷ್ಟು ವರ್ಷ, ಯಾರನ್ನು ಏನೆಂದು ಕರೆಯುತ್ತಿದ್ದರು, ಇಂಥವು. ಜೋಡಿಯಾಗಿ ಸೇರಬೇಕು. ಷರತ್ತು ಏನೆಂದರೆ ಇಬ್ಬರೂ ಒಂದೇ ಮನೆಯವರಾಗಿರಬೇಕು, ಎರಡು ತಲೆಮಾರಿನವರಾಗಿರಬೇಕು. ಅಜ್ಜಿ ಮೊಮ್ಮಗ, ಅತ್ತೆ ಸೊಸೆ, ಅಪ್ಪ ಮಗಳು, ಯಾರಾದರೂ ಸರಿ.

ನನಗೆ ಹೊಳೆದದ್ದು ಅಪ್ಪಯ್ಯನೇ. ಪ್ರೈಮರಿ ಸ್ಕೂಲ್ ಮೇಷ್ಟರಾಗಿ ನಿವೃತ್ತಿ, ಈಗ 71. ತೀರ್ಥಹಳ್ಳಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಒಂದೂವರೆ ಎಕರೆ ಅಡಿಕೆ ತೋಟ. ‘ನೆನಪಿನ ದೋಣಿಯಲ್ಲಿ’ ಅನ್ನುವ ಕುವೆಂಪು ಆತ್ಮಕಥೆಯ ರಟ್ಟು ಕಿತ್ತುಹೋಗುವಷ್ಟು ಸಲ ಓದಿದವರು. ಅವ್ವ ಹೋದ ಮೇಲೆ ಫೋನಿನಲ್ಲಿ ಎರಡು ಮಾತಿಗಿಂತ ಹೆಚ್ಚು ಆಡದವರು, ಇದನ್ನು ಹೇಳಿದ ಕೂಡಲೇ, “ಯಾವತ್ತು? ಫೀಸೆಷ್ಟು? ಎಲ್ಲಿ?” ಅಂತ ಮೂರು ಪ್ರಶ್ನೆ ಒಟ್ಟಿಗೆ ಕೇಳಿದರು. ನನಗೆ ಅಷ್ಟೇ ಸಾಕಾಗಿತ್ತು.

ಅಕ್ಟೋಬರ್ ನಡುವಿನಲ್ಲಿ ಫಾರಂ ತುಂಬಿದೆ. ಮೊಬೈಲಿನಲ್ಲೇ ತುಂಬುವ ಫಾರಂ. 300 ರೂಪಾಯಿ ಕಟ್ಟಿ ಅದರ ಸ್ಕ್ರೀನ್‌ಶಾಟ್ ಹಾಕಬೇಕು. ಇಬ್ಬರ ಆಧಾರ್, ಎರಡೆರಡು ಫೋಟೊ, ಕೊನೆಗೆ ‘ಒಂದೇ ಮನೆಯವರೆಂಬುದಕ್ಕೆ ದಾಖಲೆ (ರೇಷನ್ ಕಾರ್ಡ್)’. ಇಲ್ಲೇ ಎಡವಿದ್ದು. ಮದುವೆಯಾಗಿ ಭದ್ರಾವತಿಗೆ ಬಂದ ಮೇಲೆ ಅಪ್ಪಯ್ಯನ ಕಾರ್ಡಿನಿಂದ ನನ್ನ ಹೆಸರು ತೆಗೆಸಿ ಇಲ್ಲಿ ಸೇರಿಸಿದ್ದೆವು. ಅದಾಗಿ 14 ವರ್ಷ. ಅಪ್ಪಯ್ಯನ ಕಾರ್ಡಿನಲ್ಲಿ ಈಗ ಇರುವುದು ಅವರದೊಂದೇ ಹೆಸರು. ಎರಡೂ ಕಾರ್ಡಿನ ಫೋಟೊ ಹಾಕಿ, ಪಕ್ಕದಲ್ಲಿ ‘ತಂದೆ ಮಗಳು’ ಅಂತ ಬರೆದು ಕಳಿಸಿದೆ. ಹತ್ತು ದಿನ ಏನೂ ಸುದ್ದಿಯಿಲ್ಲ. ಹನ್ನೊಂದನೇ ದಿನ ಒಂದು ಮೆಸೇಜ್: ದಾಖಲೆ ತಾಳೆಯಾಗುತ್ತಿಲ್ಲ, ನವೆಂಬರ್ 15ರೊಳಗೆ ಸರಿಪಡಿಸಿ.

ಫೋನ್ ಮಾಡಿದೆ. ಎತ್ತಿದ ಹುಡುಗ ತುಂಬ ಮರ್ಯಾದಸ್ಥ. “ಮೇಡಂ, ಕಾರ್ಡಲ್ಲಿ ನೀವಿಲ್ವಲ್ಲ. ನೀವು ಬೇರೆ ಮನೆಯವರು ಅಂತಾಯ್ತು.”

“ಮಗಳು ಕಣಪ್ಪ ನಾನು.”

“ಗೊತ್ತಾಯ್ತು ಮೇಡಂ. ಅದಕ್ಕೇ ವಂಶವೃಕ್ಷ ಆದ್ರೂ ಕೊಡಿ. ಇಲ್ಲಾ ಅಫಿಡವಿಟ್ ಮಾಡ್ಸಿ.”

ಬೇರೆ ಮನೆಯವಳು ಅನ್ನುವುದನ್ನು ಆ ಹುಡುಗ ಎಷ್ಟು ಸಲೀಸಾಗಿ ಹೇಳಿದ ಅಂದರೆ, ಫೋನಿಟ್ಟ ಮೇಲೆ ಸ್ವಲ್ಪ ಹೊತ್ತು ಅಡುಗೆಮನೆ ಕಟ್ಟೆಗೆ ಒರಗಿ ಸುಮ್ಮನೆ ನಿಂತಿದ್ದೆ. ಅಪ್ಪಯ್ಯನಿಗೆ ಹೇಳಿದರೆ ಅವರು ಬೇರೆಯದೇ ತೆಗೆದರು. “ಅನಿಕೇತನ ಆಗು, ಮನೆಯೇ ಇಲ್ಲದವನಾಗು ಅಂದವರು ಅವರು. ಅವರ ಹೆಸರಲ್ಲಿ ಕ್ವಿಜ್ ಮಾಡಕ್ಕೆ ಇವರಿಗೆ ನಮ್ಮ ಮನೆ ಯಾವ್ದು ಅಂತ ಕಾಗದ ಬೇಕಂತೆ. ಎಂಥ ಕಥೆ ಮಾರಾಯ್ತಿ!” ಅಂತ ನಕ್ಕರು. ನಕ್ಕು, ಮಾರನೇ ದಿನ ಬೆಳಿಗ್ಗೆಯೇ ನಾಡಕಚೇರಿಗೆ ಹೋಗಿ ನಿಂತರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ವಂಶವೃಕ್ಷ ಅಂದರೆ ಸಾಮಾನ್ಯವಾಗಿ ಜನ ಮಾಡಿಸುವುದು ಆಸ್ತಿ ಭಾಗಕ್ಕೆ, ಪೌತಿ ಖಾತೆಗೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ. ಅರ್ಜಿ ಹಾಕಿದ ಮೇಲೆ ಗ್ರಾಮ ಆಡಳಿತ ಅಧಿಕಾರಿ ಕೈಗೆ ಹೋಗಿ, ಅವರು ವಿಚಾರಿಸಿ, ವರದಿ ಬರೆದು, ಮೇಲೆ ಕಳಿಸಬೇಕು. ಮನೆಯವರೆಲ್ಲರ ಹೆಸರು, ತೀರಿಹೋದವರಿದ್ದರೆ ಮರಣ ಪತ್ರ, ಎಲ್ಲ ಬೇಕು. ಕೌಂಟರಿನಲ್ಲಿ ಕೂತ ಹೆಂಗಸು ಕೇಳಿದರಂತೆ, “ಯಜಮಾನ್ರೆ, ಜಮೀನು ಭಾಗ ಆಗ್ತಾ ಉಂಟಾ?”

“ಇಲ್ಲಮ್ಮ. ಕುವೆಂಪು ಮನೆ ವಿಷಯಕ್ಕೆ.”

ಆಕೆ ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ಅಪ್ಪಯ್ಯನ ಮುಖ ನೋಡಿದರಂತೆ. “ಕುಪ್ಪಳಿ ಆಸ್ತಿಗಾ?” ಹಿಂದೆ ಸಾಲಿನಲ್ಲಿದ್ದ ಇಬ್ಬರು ಮುಂದೆ ಬಂದು ಕಿವಿಗೊಟ್ಟರಂತೆ. ಆ ವಾರ ನಮ್ಮ ಊರಿನಲ್ಲಿ ಮೇಷ್ಟರಿಗೂ ಕುಪ್ಪಳಿ ಮನೆತನಕ್ಕೂ ಏನೋ ಸಂಬಂಧ ಇದೆಯಂತೆ ಅಂತ ಸುದ್ದಿ. ಅಪ್ಪಯ್ಯ ಅದನ್ನು ತಿದ್ದುವುದಕ್ಕೆ ಅಂಥ ಆತುರವನ್ನೇನೂ ತೋರಿಸಲಿಲ್ಲ.

ಅಡಿಕೆ ಕೊಯ್ಲಿನ ಕಾಲ. ಅಧಿಕಾರಿ ಬರುತ್ತೇನೆ ಅಂದ ದಿನ ಅಪ್ಪಯ್ಯ ತೋಟದಲ್ಲಿ, ಅಪ್ಪಯ್ಯ ಮನೆಯಲ್ಲಿದ್ದ ದಿನ ಅವರು ಬೇರೆ ಸರ್ವೆಯಲ್ಲಿ. ನವೆಂಬರ್ 10 ಆದರೂ ವಂಶವೃಕ್ಷದ ಸುಳಿವಿಲ್ಲ. ಕೊನೆಗೆ ನಾನೇ ಕೆಲಸಕ್ಕೆ ರಜೆ ಹಾಕಿ ಶಿವಮೊಗ್ಗಕ್ಕೆ ಹೋಗಿ, ಅಪ್ಪಯ್ಯನನ್ನು ಅಲ್ಲಿಗೇ ಕರೆಸಿಕೊಂಡು, ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದೆ. ಸ್ಟಾಂಪ್ ಪೇಪರ್, ಟೈಪಿಂಗ್, ನೋಟರಿ ಎಲ್ಲ ಸೇರಿ 350. ‘ಈ ಮೂಲಕ ಪ್ರಮಾಣೀಕರಿಸುವುದೇನೆಂದರೆ, ಸದರಿ ಮಹಿಳೆಯು ನನ್ನ ಸ್ವಂತ ಮಗಳಾಗಿದ್ದು’ ಅಂತ ಟೈಪಾಗಿತ್ತು. ಅಪ್ಪಯ್ಯ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ‘ಸದರಿ’ಗೆ ಕೆಳಗೆ ಗೆರೆ ಎಳೆಯಲು ಪೆನ್ನೆತ್ತಿದರು. ಮೇಷ್ಟರ ಕೈ. ನಾನು ತಡೆದೆ.

ಆದ್ದರಿಂದ ನೇರವಾಗಿ ಅಫಿಡವಿಟ್ಟಿಗೇ ಹೋಗಿ, ಒಂದು ಮಧ್ಯಾಹ್ನದ ಕೆಲಸ. ವಂಶವೃಕ್ಷದ ದಾರಿ ಹಿಡಿಯುವುದಾದರೆ ಎರಡು ತಿಂಗಳು ಮೊದಲೇ ಹಿಡಿಯಿರಿ. ನಮ್ಮದು ಕೈಗೆ ಬಂದದ್ದು ಡಿಸೆಂಬರ್ 19ಕ್ಕೆ, ಹೆಸರು ನೋಂದಾಯಿಸಿ, ಮೊದಲ ಸುತ್ತೂ ಮುಗಿದ ಮೇಲೆ. ಚೆಂದದ ಕಾಗದ. ಅಜ್ಜನಿಂದ ಹಿಡಿದು ನನ್ನವರೆಗೆ ಎಲ್ಲರೂ ಇದ್ದಾರೆ. ಯಾರಿಗೂ ಬೇಕಾಗಲಿಲ್ಲ.

ಓದುವ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಜವಾದ ಖುಷಿ ಇದ್ದದ್ದು ಅಲ್ಲೇ. ಸಂಘದವರು ಪುಸ್ತಕಗಳ ಪಟ್ಟಿ ಕೊಟ್ಟಿರಲಿಲ್ಲ. ಅಪ್ಪಯ್ಯನ ಹತ್ತಿರ ‘ನೆನಪಿನ ದೋಣಿಯಲ್ಲಿ’ ಇತ್ತು. ಮಗ ತೇಜಸ್ವಿಯವರ ‘ಅಣ್ಣನ ನೆನಪು’, ಮಗಳು ತಾರಿಣಿಯವರ ‘ಮಗಳು ಕಂಡ ಕುವೆಂಪು’, ಇನ್ನೊಂದೆರಡು ನಾನು ಕೊಂಡೆ, 750 ರೂಪಾಯಿ. ಮನೆಯೊಳಗಿನ ಮಾತು ಬೇಕಿದ್ದರೆ ಮನೆಯವರು ಬರೆದದ್ದನ್ನೇ ಓದಬೇಕು ಅನ್ನುವುದು ನನ್ನ ಅಭಿಪ್ರಾಯ. ಹತ್ತು ಸಾಲಿನ ಕವಿಪರಿಚಯ, ಯೂಟ್ಯೂಬಿನ ‘ಕುವೆಂಪು ಜೀವನದ 50 ಅಚ್ಚರಿ ಸಂಗತಿ’, ಇವನ್ನು ಮುಟ್ಟಬೇಡಿ. ಎಲ್ಲ ಒಂದರಿಂದ ಒಂದು ನಕಲು, ತಪ್ಪೂ ಹಾಗೇ ನಕಲು.

ಉದಾಹರಣೆಗೆ ಹುಟ್ಟಿದ ಊರು. ನೂರಕ್ಕೆ ತೊಂಬತ್ತು ಜನ ಕುಪ್ಪಳಿ ಅನ್ನುತ್ತಾರೆ. ಕುಪ್ಪಳಿ ಅವರ ತಂದೆಯ ಮನೆ, ಬೆಳೆದ ಮನೆ, ತೀರ್ಥಹಳ್ಳಿ ತಾಲೂಕು. ಹುಟ್ಟಿದ್ದು ತಾಯಿ ಸೀತಮ್ಮನವರ ತವರು ಹಿರೇಕೊಡಿಗೆಯಲ್ಲಿ, ಅದು ಕೊಪ್ಪ ತಾಲೂಕು, ಚಿಕ್ಕಮಗಳೂರು ಜಿಲ್ಲೆ. ಚೊಚ್ಚಲ ಬಾಣಂತನ ತವರಿನಲ್ಲಿ, ನಮ್ಮ ಕಡೆ ಈಗಲೂ ಅದೇ. 1904ರ ಡಿಸೆಂಬರ್ 29. ಇದನ್ನು ನೆನಪಿಟ್ಟುಕೊಳ್ಳಿ, ಕಥೆಯಲ್ಲಿ ಮತ್ತೆ ಬರುತ್ತದೆ.

ಹಾಗೇ ಮನೆಗಳ ಹೆಸರು. ಮೈಸೂರಿನಲ್ಲಿ ಅವರು ಕಟ್ಟಿಸಿದ ಮನೆ ‘ಉದಯರವಿ’. ಪುಸ್ತಕ ಪ್ರಕಟಿಸಲು ಇಟ್ಟ ಹೆಸರೂ ಅದೇ, ಉದಯರವಿ ಪ್ರಕಾಶನ. ಮೂಡಿಗೆರೆಯ ‘ನಿರುತ್ತರ’ ಮಗನ ಮನೆ, ತೇಜಸ್ವಿಯವರದ್ದು. ಇವೆರಡನ್ನು ಅದಲು ಬದಲು ಮಾಡಿಯೇ ಮೊದಲ ಸುತ್ತಿನಲ್ಲಿ ಎಷ್ಟೋ ಜೋಡಿ ಅಂಕ ಕಳೆದುಕೊಂಡವು. ಮನೆ ಮಾಡುವ ಮುಂಚೆ ಸುಮಾರು ಹತ್ತು ವರ್ಷ ಅವರು ಇದ್ದದ್ದು ಮೈಸೂರಿನ ರಾಮಕೃಷ್ಣಾಶ್ರಮದಲ್ಲಿ. ಸನ್ಯಾಸಿಗಳ ನಡುವೆ ಹತ್ತು ವರ್ಷ ಇದ್ದವರು 1937ರ ಏಪ್ರಿಲ್ 30ಕ್ಕೆ ಹೇಮಾವತಿಯವರನ್ನು ಮದುವೆಯಾದರು. ಅದರ ಹಿಂದಿನ ವರ್ಷ ‘ಕಾನೂರು ಹೆಗ್ಗಡಿತಿ’ ಅಚ್ಚಾಗಿತ್ತು, ‘ಶ್ರೀ ರಾಮಾಯಣ ದರ್ಶನಂ’ ಬರೆಯಲು ಶುರುವಾಗಿತ್ತು. ಅಪ್ಪಯ್ಯ ಇಸವಿಗಳನ್ನು ಹೀಗೇ ಒಂದರ ಪಕ್ಕ ಒಂದಿಟ್ಟು ನೆನಪಿಟ್ಟುಕೊಳ್ಳುತ್ತಾರೆ. ರಾಮಾಯಣ ಬರೆದು ಮುಗಿಯುವ ಹೊತ್ತಿಗೆ, ಅಂದರೆ 1946ಕ್ಕೆ, ತೇಜಸ್ವಿಗೆ ಎಂಟು ವರ್ಷ. “ಮನೆ ತುಂಬ ಮಕ್ಕಳ ಗಲಾಟೆ, ಒಳಗೆ ಕೂತು ಆ ಮಹಾಛಂದಸ್ಸು. ನಂಗೆ ಮೂರನೇ ಕ್ಲಾಸಿನ ಪೇಪರ್ ತಿದ್ದಕ್ಕೇ ನೀನು ಬಿಡ್ತಿರಲಿಲ್ಲ” ಅಂದರು.

ಮಕ್ಕಳು ನಾಲ್ಕು. ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ಹೆಸರಿನಲ್ಲೇ ಹುಣ್ಣಿಮೆ ಚಂದ್ರ, ಕೋಗಿಲೆ, ಚೈತ್ರ ಮಾಸ, ಚಂದ್ರನ ಕಲೆ. ಮನೆಗೆ ಉದಯರವಿ. ಕುವೆಂಪು ಅವರ ತಂಗಿಯರು ದಾನಮ್ಮ, ರಾಜಮ್ಮ. ತಂದೆ ವೆಂಕಟಪ್ಪಗೌಡರು. ಮೊದಲಿನ ಕಾವ್ಯನಾಮ ಕಿಶೋರಚಂದ್ರವಾಣಿ. ಇಷ್ಟನ್ನು ನಾನು ಅಡುಗೆಮನೆಯ ಡಬ್ಬಿಗಳ ಮೇಲೆ ಚೀಟಿ ಬರೆದು ಅಂಟಿಸಿದ್ದೆ. ನನ್ನ ಗಂಡ ಒಂದು ದಿನ ಬೆಲ್ಲ ಕೇಳಿದವರು, “ಆ ಇಂದುಕಲಾ ಡಬ್ಬಿ ಕೊಡು” ಅಂದರು.

ನವೆಂಬರ್ ಕೊನೆಯ ಎರಡು ಶನಿವಾರ ಭಾನುವಾರ ತವರಿಗೆ ಹೋಗಿ ಕೂತೆ. ರಾತ್ರಿ ಅಂಗಳದಲ್ಲಿ ಬಲ್ಬು ಹಾಕಿಕೊಂಡು ಅಡಿಕೆ ಸುಲಿಯುವ ಕೆಲಸ. ಮೆಟ್ಟುಗತ್ತಿಯ ಮುಂದೆ ಆರು ಜನ ಹೆಂಗಸರು, ಅವರ ನಡುವೆ ಅಪ್ಪಯ್ಯ, ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ನಾನು. ನಾನು ಪ್ರಶ್ನೆ ಓದುವುದು, ಅಪ್ಪಯ್ಯ ಉತ್ತರ ಹೇಳುವುದು, ಟಕ್ ಟಕ್ ಅಂತ ಅಡಿಕೆ ಬುಟ್ಟಿಗೆ ಬೀಳುವುದು. ಮೂರನೇ ರಾತ್ರಿಗೆ ಸುಲಿಯುವವರೇ ಉತ್ತರ ಹೇಳತೊಡಗಿದರು. ಕಪ್ಪು ಬಣ್ಣ ಹತ್ತಿದ ಬೆರಳು ತೋರಿಸುತ್ತಾ ಒಬ್ಬಾಕೆ, “ಮೇಷ್ಟ್ರೆ, ನೀವು ನಿಧಾನ. ನಾನೇ ಬರ್ತೀನಿ ಅಕ್ಕನ ಜೊತೆ, ನಂಗೂ ಕಾರ್ಡಿಗೆ ಸೇರ್ಸಿ” ಅಂದಳು. ಅವಳಿಗೆ ನಾಲ್ಕು ಮಕ್ಕಳ ಹೆಸರೂ ಸರಿಯಾಗಿ ಬರುತ್ತಿತ್ತು, ನನಗೆ ಆಗಿನ್ನೂ ಕೋಕಿಲೋದಯದ ಹತ್ತಿರ ನಾಲಿಗೆ ತಡವರಿಸುತ್ತಿತ್ತು.

ಕುಪ್ಪಳಿಗೆ ಹೋಗಲೇಬೇಕು ಅಂತ ಅಪ್ಪಯ್ಯನ ಹಟ. ನಾನು ಶಾಲೆಯಲ್ಲಿದ್ದಾಗ ಟೂರಿಗೆ ಹೋಗಿದ್ದೆ, ಕವಿಮನೆಗಿಂತ ಅಲ್ಲಿ ತಿಂದ ಪುಳಿಯೋಗರೆ ನೆನಪು. ಬಸ್ಸಿನ ವಿಷಯ ಒಂದು ಮಾತು: ಮಹಿಳೆಯರಿಗೆ ಫ್ರೀ ಅಂತ ನಂಬಿಕೊಂಡು ಬರಬೇಡಿ. ಅದು ಸರ್ಕಾರಿ ಬಸ್ಸಿಗೆ ಮಾತ್ರ, ನಮ್ಮ ಮಲೆನಾಡಿನಲ್ಲಿ ಓಡುವುದು ಹೆಚ್ಚು ಖಾಸಗಿ ಬಸ್ಸು. ತೀರ್ಥಹಳ್ಳಿಯಿಂದ ಕೊಪ್ಪದ ಕಡೆ ಹೋಗುವ ಬಸ್ಸು ಹತ್ತಿದೆವು. ಒಟ್ಟು ಎಲ್ಲ ಓಡಾಟಕ್ಕೆ ಬಸ್ಸಿಗೆಂದೇ 860 ರೂಪಾಯಿ ಆಯಿತು.

ಬೆಳಿಗ್ಗೆ ಮಂಜು ಇನ್ನೂ ಬಿಟ್ಟಿರಲಿಲ್ಲ. ಮೂರು ಅಂತಸ್ತಿನ ಹೆಂಚಿನ ಮನೆ, ನಡುವೆ ತೆರೆದ ಅಂಗಳ, ಸುತ್ತ ಕೆತ್ತನೆಯ ಮರದ ಕಂಬಗಳು. ಈಗ ಪ್ರತಿಷ್ಠಾನದವರು ಅದನ್ನು ವಸ್ತುಸಂಗ್ರಹಾಲಯ ಮಾಡಿ ಇಟ್ಟಿದ್ದಾರೆ. ಉಳಿದವರು ಪ್ರಶಸ್ತಿ, ಫೋಟೊ ನೋಡುತ್ತಾ ಹೋದರೆ ಅಪ್ಪಯ್ಯ ಅಡುಗೆ ಸಾಮಾನಿನ ಹತ್ತಿರವೇ ನಿಂತುಬಿಟ್ಟರು. “ನೋಡು, ಇಂಥದ್ದೇ ನಮ್ಮಲ್ಲೂ ಇತ್ತು. ನಿಮ್ಮವ್ವ ಗುಜರಿಗೆ ಹಾಕಿ ಸ್ಟೀಲ್ ಪಾತ್ರೆ ತಗಂಡ್ಲು.” ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ನಾನು ನೋಟ್‌ಬುಕ್ಕಿನಲ್ಲಿ ಅಂತಸ್ತು ಮೂರು ಅಂತ ಬರೆದುಕೊಂಡೆ. ಅದು ಮೊದಲ ಸುತ್ತಿನಲ್ಲಿ ಬಂತು.

ಮನೆ ಹತ್ತಿರದ ಗುಡ್ಡ ಕವಿಶೈಲಕ್ಕೆ ಹತ್ತುವಾಗ ಅಪ್ಪಯ್ಯನಿಗೆ ಉಸಿರು ಕಟ್ಟಿತು, ಎರಡು ಕಡೆ ಕೂತು ಎದ್ದೆವು. ದೊಡ್ಡ ದೊಡ್ಡ ಕಲ್ಲುಗಳನ್ನು ನಿಲ್ಲಿಸಿ ಮೇಲೆ ಅಡ್ಡ ಹಾಸಿದ ಆ ರಚನೆ ಕಲಾವಿದ ಕೆ.ಟಿ. ಶಿವಪ್ರಸಾದ್ ಅವರದು. ಕುವೆಂಪು 1994ರ ನವೆಂಬರ್ 11ರಂದು ಮೈಸೂರಿನಲ್ಲಿ ತೀರಿಕೊಂಡರು, ಅಂತ್ಯಸಂಸ್ಕಾರ ಆದದ್ದು ಇಲ್ಲಿ. ಆವತ್ತು ನಮ್ಮ ಊರಿನಿಂದ ಜೀಪಿನಲ್ಲಿ ಬಂದಿದ್ದೆವು ಅಂತ ಅಪ್ಪಯ್ಯ ಹೇಳಿದರು. ನನಗೆ ಈ ವಿಷಯವೇ ಗೊತ್ತಿರಲಿಲ್ಲ. “ಮನೇಲಿ ಹೇಳ್ಲೇ ಇಲ್ವಲ್ಲ?” ಅಂದೆ. “ನೀನು ಕೇಳ್ಲೇ ಇಲ್ವಲ್ಲ” ಅಂದರು.

ಮೊದಲ ಸುತ್ತು ಡಿಸೆಂಬರ್ ಮೊದಲ ಭಾನುವಾರ ಶಿವಮೊಗ್ಗದ ಒಂದು ಸಭಾಭವನದಲ್ಲಿ. ಬರಹೇಳಿದ್ದು ಒಂಬತ್ತೂವರೆಗೆ. ಅರವತ್ತನಾಲ್ಕು ಜೋಡಿ. ಅತಿಥಿಗಳು ಬಂದದ್ದು ಹನ್ನೊಂದೂಮುಕ್ಕಾಲಿಗೆ, ಭಾಷಣ ಮುಗಿದು ಪ್ರಶ್ನೆಪತ್ರಿಕೆ ಕೈಗೆ ಸಿಕ್ಕಿದ್ದು ಒಂದು ಗಂಟೆಗೆ. ಮಧ್ಯೆ ಒಂದು ಕಾಫಿ, ಎರಡು ಬಿಸ್ಕತ್ತು. ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರಿಗೆ ತಲೆ ಸುತ್ತು ಬಂದು ನಮ್ಮ ಚೀಲದಲ್ಲಿದ್ದ ಬಾಳೆಹಣ್ಣು ಕೊಟ್ಟೆವು. ಆದ್ದರಿಂದ ತಿಂಡಿ ಕಟ್ಟಿಕೊಂಡು ಹೋಗಿ, ಮಾತ್ರೆ ಮರೆಯಬೇಡಿ, ಕನ್ನಡಕ ಎರಡು ಇಟ್ಟುಕೊಳ್ಳಿ. ಪ್ರಶ್ನೆಪತ್ರಿಕೆಯ ಅಕ್ಷರ ಇರುವೆ ಸಾಲಿನಂತಿತ್ತು, ಹಿರಿಯರೇ ಅರ್ಧ ಜನ ಇರುವ ಸ್ಪರ್ಧೆ ಅನ್ನುವುದನ್ನು ಯಾರೂ ಯೋಚಿಸಿರಲಿಲ್ಲ.

ಐವತ್ತು ಪ್ರಶ್ನೆ, ನಲವತ್ತು ನಿಮಿಷ. ಬರೆದು ಕೊಟ್ಟು ಊಟ ಮಾಡಿ ಬರುವಷ್ಟರಲ್ಲಿ ಸರಿ ಉತ್ತರದ ಹಾಳೆಯನ್ನು ಗೋಡೆಗೆ ಅಂಟಿಸಿದ್ದರು. ಅಪ್ಪಯ್ಯ ಬೆರಳಿಟ್ಟು ಒಂದೊಂದೇ ಓದುತ್ತಾ ಬಂದವರು ಏಳನೆಯದರ ಹತ್ತಿರ ನಿಂತರು. ‘ಕುವೆಂಪು ಹುಟ್ಟಿದ ಮನೆ ಇರುವ ಊರು: ಕುಪ್ಪಳಿ.’

ನಾನು ಬೇಡ ಅನ್ನುವಷ್ಟರಲ್ಲಿ ವೇದಿಕೆಯ ಮೆಟ್ಟಿಲ ಮೇಲಿದ್ದರು. ಜೋರು ಮಾಡಲಿಲ್ಲ. ಮೂವತ್ತೈದು ವರ್ಷ ಮಕ್ಕಳ ಮುಂದೆ ನಿಂತವರ ದನಿ, ಎಲ್ಲರಿಗೂ ಕೇಳುತ್ತಿತ್ತು. “ಅದು ಅವರು ಆಡಿದ ಮನೆ. ಹಡೆದ ಮನೆ ಹಿರೇಕೊಡಿಗೆ. ತಾಯಿ ಮನೇನ ಲೆಕ್ಕಕ್ಕೇ ತಗಳದೆ ಇದ್ರೆ ಹೆಂಗೆ?” ತೀರ್ಪುಗಾರರಲ್ಲಿ ಒಬ್ಬರು ಹೌದು ಅಂದರು, ಇನ್ನೊಬ್ಬರು ಪಠ್ಯದಲ್ಲಿ ಕುಪ್ಪಳಿ ಅಂತಲೇ ಇದೆ ಅಂದರು. ಪುಸ್ತಕ ತರಲು ಒಬ್ಬ ಹುಡುಗ ಬೈಕಿನಲ್ಲಿ ಹೋದ. ಒಂದೂವರೆ ಗಂಟೆ ಕಾದೆವು. ಕೆಲವರು ನಮ್ಮನ್ನು ನೋಡಿ ಗೊಣಗಿದರು, ಬಸ್ಸು ತಪ್ಪುತ್ತದಲ್ಲ. ನನಗೆ ನಾಚಿಕೆಯೂ ಆಯಿತು, ಒಳಗೊಳಗೇ ಹೆಮ್ಮೆಯೂ ಆಯಿತು. ಪುಸ್ತಕ ಬಂತು, ಪುಟ ತೆರೆದರು, ಹಿರೇಕೊಡಿಗೆ ಅಂತ ಬರೆದವರಿಗೂ ಅಂಕ ಕೊಟ್ಟರು. ಕುಪ್ಪಳಿ ಅಂತ ಬರೆದವರದ್ದನ್ನು ಕಿತ್ತುಕೊಳ್ಳಲಿಲ್ಲ. ಅದು ನ್ಯಾಯವಲ್ಲ ಅಂತ ಅಪ್ಪಯ್ಯ ಈಗಲೂ ಹೇಳುತ್ತಾರೆ.

ಆ ಒಂದು ಅಂಕದಿಂದಲೇ ನಾವು ಆರನೆಯವರಾಗಿ ಅಂತಿಮ ಸುತ್ತಿಗೆ ಬಂದೆವು. ಉತ್ತರದ ಹಾಳೆಯಲ್ಲಿ ತಪ್ಪು ಕಂಡರೆ ಸುಮ್ಮನಿರಬೇಡಿ. ಆದರೆ ಪುಸ್ತಕ ನಿಮ್ಮ ಚೀಲದಲ್ಲೇ ಇರಲಿ. ನಮ್ಮದು ತುಂಬ ಭಾರ ಅಂತ ಮನೆಯಲ್ಲಿ ಬಿಟ್ಟು ಹೋಗಿದ್ದೆವು.

ಡಿಸೆಂಬರ್ 29, ತೀರ್ಥಹಳ್ಳಿ. ಅಪ್ಪಯ್ಯ ಬಿಳಿ ಜುಬ್ಬ, ಮೇಲೆ ಅವ್ವ ಹೆಣೆದ ಕಂದು ಸ್ವೆಟರ್. ನಾಲ್ಕು ಸುತ್ತು. ಚಿತ್ರ ನೋಡಿ ಗುರುತಿಸುವುದು ನನ್ನ ಪಾಲು, ಇಸವಿಗಳು ಅಪ್ಪಯ್ಯನ ಪಾಲು ಅಂತ ಮಾತಾಗಿತ್ತು. ‘ಶ್ರೀ ರಾಮಾಯಣ ದರ್ಶನಂ’ ಅನ್ನು ಅರ್ಪಿಸಿದ್ದು ಯಾರಿಗೆ ಅಂದಾಗ ನಮ್ಮ ಪಕ್ಕದ ಜೋಡಿ ಹೆಂಡತಿಗೆ ಅಂತ ಊಹಿಸಿತು, ಮನೆವಾರ್ತೆಯ ಸ್ಪರ್ಧೆಯಲ್ಲವೇ. ಗುರುಗಳಾದ ಟಿ.ಎಸ್. ವೆಂಕಣ್ಣಯ್ಯನವರಿಗೆ ಅಂತ ಅಪ್ಪಯ್ಯ ಹೇಳಿ ಹತ್ತು ಅಂಕ ತಂದರು. ಜ್ಞಾನಪೀಠ 1967ನೇ ಸಾಲಿನದ್ದು, ಗುಜರಾತಿಯ ಉಮಾಶಂಕರ ಜೋಶಿಯವರ ಜೊತೆ ಹಂಚಿಕೊಂಡದ್ದು, ಅದಕ್ಕೂ ಹತ್ತು. ನಾಲ್ಕು ಮಕ್ಕಳ ಹೆಸರು ನನ್ನ ಪಾಲಿಗೆ ಬಂತು. ಬೆಲ್ಲದ ಡಬ್ಬಿ ಕಣ್ಣ ಮುಂದೆ ಬಂದು, ತಡವರಿಸದೆ ಹೇಳಿದೆ.

ಕೊನೆಯದು ಬಜರ್ ಸುತ್ತು. ಸರಿಯಾದರೆ ಹತ್ತು, ತಪ್ಪಾದರೆ ಐದು ಕಳೆಯುತ್ತಾರೆ. ಕೊನೇ ಪ್ರಶ್ನೆಗೆ ಬಂದಾಗ ಮೊದಲಿನವರು ಕೈಗೆ ಸಿಗದಷ್ಟು ಮುಂದೆ, ಎರಡನೆಯವರು 50, ನಾವು 45. ಕ್ವಿಜ್ ಮಾಸ್ಟರ್ ನಿಧಾನವಾಗಿ ಓದಿದರು: “ತೇಜಸ್ವಿಯವರು ತಮ್ಮ ತಂದೆಯನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು?”

ಅಣ್ಣ ಅಂತ. ‘ಅಣ್ಣನ ನೆನಪು’, ಪುಸ್ತಕದ ಹೆಸರಲ್ಲೇ ಇದೆ. ಹದಿನೈದು ದಿನ ನನ್ನ ದಿಂಬಿನ ಪಕ್ಕದಲ್ಲಿದ್ದ ಪುಸ್ತಕ. ಬಜರ್ ಇದ್ದದ್ದು ಅಪ್ಪಯ್ಯನ ಮುಂದೆ, ಅವರು ಒತ್ತಿಯೂ ಒತ್ತಿದರು, ದೀಪವೂ ಹತ್ತಿತು. ಒತ್ತಿದವರು ನನ್ನ ಕಡೆ ತಿರುಗಿದರು, ನೀನೇ ಹೇಳು ಅನ್ನುವ ಹಾಗೆ. ಅವರಿಗೆ ಉತ್ತರ ಗೊತ್ತಿಲ್ಲ ಅಂತ ನನಗೆ ಅನ್ನಿಸಲಿಲ್ಲ, ಮಗಳು ಹೇಳಲಿ ಅಂತ ಅವರಿಗೆ ಇದ್ದಿರಬೇಕು. ನಾನೋ, ಅವರೇ ಹೇಳಲಿ ಅಂತ, ಮುಂದಿದ್ದ ಮೈಕು ಆನ್ ಇದೆ ಅನ್ನುವುದನ್ನೂ ಮರೆತು, ಅವರ ಮೊಣಕೈ ತಿವಿದು ಕರೆದೆ.

“ಅಪ್ಪಯ್ಯ!”

ಸಭೆಯ ಮೂಲೆಮೂಲೆಗೂ ಕೇಳಿತು. “ತಪ್ಪು ಉತ್ತರ” ಅಂದರು ಕ್ವಿಜ್ ಮಾಸ್ಟರ್.

“ಅಯ್ಯೋ ಅದು ಉತ್ತರ ಅಲ್ಲ ಸಾರ್, ನಾನು ಇವರನ್ನ ಕರೆದಿದ್ದು!” ಅಂದೆ. ಸಭೆ ಗೊಳ್ಳೆಂದು ನಕ್ಕಿತು. ನಿಯಮದ ಪ್ರಕಾರ ಬಜರ್ ಒತ್ತಿದ ಮೇಲೆ ಮೈಕಿನಲ್ಲಿ ಬಿದ್ದ ಮೊದಲ ಮಾತೇ ಉತ್ತರ. ಹಿರೇಕೊಡಿಗೆಗೆ ಅಷ್ಟು ಹೋರಾಡಿದ ಮನುಷ್ಯ ಈಗ ಒಂದು ಮಾತೂ ವಾದ ಮಾಡಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಕನ್ನಡಕ ತೆಗೆದು ಜುಬ್ಬದ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಾ. ಅವ್ವ ಹೋದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. 45 ಇದ್ದದ್ದು 40 ಆಯಿತು. ನಾಲ್ಕನೆಯವರು 35ರಲ್ಲಿದ್ದುದರಿಂದ ಮೂರನೇ ಸ್ಥಾನ ಉಳಿಯಿತು. ಬಜರ್ ಸುತ್ತಿಗೆ ಮುಂಚೆ ಯಾರು ಒತ್ತಬೇಕು, ಯಾರು ಮಾತಾಡಬೇಕು ಅನ್ನುವುದನ್ನು ಖಂಡಿತವಾಗಿ ಮಾತಾಡಿಕೊಳ್ಳಿ. ಪರಸ್ಪರ ಕರೆಯುವುದಿದ್ದರೆ ಮೈಕಿಗೆ ಕೈ ಅಡ್ಡ ಹಿಡಿಯಿರಿ.

ಬಹುಮಾನ ಒಂದು ಶಾಲು, ಪುಸ್ತಕಗಳ ಕಟ್ಟು, ಎರಡು ಸಾವಿರ ರೂಪಾಯಿಯ ಚೆಕ್. ಖರ್ಚಿನ ಲೆಕ್ಕ ಕೇಳುವವರಿಗೆ: ಫೀಸು 300, ನೋಟರಿ 350, ಫೋಟೊ ಮತ್ತು ಜೆರಾಕ್ಸ್ 180, ಬಸ್ಸು 860, ಪುಸ್ತಕ 750, ಕಾಫಿ ತಿಂಡಿ 200. ಒಟ್ಟು 2,640. ನಾನು ಹಾಕಿದ ಮೂರು ರಜೆ ಇದರಲ್ಲಿ ಸೇರಿಲ್ಲ.

ಆ ಚೆಕ್ಕಿನದ್ದೇ ಇನ್ನೊಂದು ಪಾಡು. ಇಬ್ಬರ ಹೆಸರನ್ನೂ ಸೇರಿಸಿ ಬರೆದಿದ್ದಾರೆ. ಅಂಥ ಚೆಕ್ಕು ಇಬ್ಬರ ಹೆಸರಿನ ಜಂಟಿ ಖಾತೆಗೇ ಹಾಕಬೇಕು, ಒಬ್ಬರ ಖಾತೆಗೆ ಆಗುವುದಿಲ್ಲ ಅಂದರು ಬ್ಯಾಂಕಿನವರು. ಸಂಘಕ್ಕೆ ಫೋನ್ ಮಾಡಿದರೆ ಅದೇ ಮರ್ಯಾದಸ್ಥ ಹುಡುಗ: “ಮೇಡಂ, ಒಂದೇ ಮನೆಯವರಲ್ವಾ, ಖಾತೆ ಇರುತ್ತೆ ಅಂದ್ಕೊಂಡ್ವಿ.” ಗೆದ್ದರೆ ಅಲ್ಲೇ, ವೇದಿಕೆ ಇಳಿಯುವ ಮೊದಲೇ ಚೆಕ್ಕಿನ ಮೇಲಿನ ಹೆಸರು ನೋಡಿ. ಮೂರು ತಿಂಗಳಿಗೆ ಅದರ ಅವಧಿ ಮುಗಿಯುತ್ತದೆ.

ಹಾಗಾಗಿ ಮೊನ್ನೆ ಇಬ್ಬರೂ ಹೋಗಿ ಜಂಟಿ ಖಾತೆ ತೆರೆದೆವು. ಅಪ್ಪಯ್ಯ ಬಟ್ಟೆ ಅಂಗಡಿಯ ಚೀಲದಿಂದ ಒಂದೊಂದಾಗಿ ತೆಗೆದಿಟ್ಟರು: ಆಧಾರ್, ಪ್ಯಾನ್, ಫೋಟೊ, ರೇಷನ್ ಕಾರ್ಡ್, ಅಫಿಡವಿಟ್ಟಿನ ನಕಲು, ಕೊನೆಗೆ ಪ್ಲಾಸ್ಟಿಕ್ ಕವರಿನೊಳಗಿದ್ದ ವಂಶವೃಕ್ಷ. ಕೌಂಟರಿನ ಹುಡುಗಿ ಮೊದಲ ಮೂರನ್ನು ತೆಗೆದುಕೊಂಡು ಉಳಿದದ್ದನ್ನು ಪಕ್ಕಕ್ಕೆ ಸರಿಸಿದಳು. “ಇದೆಲ್ಲಾ ಬೇಡ ಅಜ್ಜ. ಇದ್ಯಾಕೆ ಮಾಡ್ಸಿದ್ರಿ, ಜಮೀನು ಭಾಗಕ್ಕಾ?”

ಅಪ್ಪಯ್ಯ ಕುರ್ಚಿ ಮುಂದಕ್ಕೆಳೆದುಕೊಂಡು ಕೂತರು. “ನಿಮ್ಮೂರು ಯಾವ್ದಮ್ಮ? ಕೊಪ್ಪದ ಕಡೇನಾ? ಹಿರೇಕೊಡಿಗೆ ಗೊತ್ತಾ?” ಅಂತ ಶುರು ಮಾಡಿದರು. ಹಿಂದೆ ಟೋಕನ್ ಹಿಡಿದು ನಿಂತ ನಾಲ್ಕು ಜನರ ಕಡೆ ನಾನು ಕಣ್ಣಲ್ಲೇ ಕ್ಷಮೆ ಕೇಳಿದೆ.